ಅನುಮತಿ ಕೇಳುತ್ತಿದ್ದ ಲ್ಯಾಪ್‌ಟಾಪ್

ಕೆಲಸದಿಂದ ನಿವೃತ್ತಳಾದ ಮೇಲೆ ನಾನು ವಾರಕ್ಕೊಂದು ಮಧ್ಯಾಹ್ನ, ನಾವು ನೆಲೆಸಿರುವ ಈ ಪರದೇಶದ ಊರು ನ್ಯೂಕ್ಯಾಸಲ್‌ನಲ್ಲಿ, ನಮ್ಮ ಮನೆಗೆ ಹತ್ತಿರದ ಗ್ರಂಥಾಲಯಕ್ಕೆ ಹೋಗಿ ಕೂರುತ್ತೇನೆ. ಕಿಟಕಿಯ ಪಕ್ಕ ಒಂದು ಮೇಜು, ಎದುರುಬದುರು ಎರಡು ಕುರ್ಚಿ, ಕಂಪ್ಯೂಟರ್ ಸಹಾಯ ಇಲ್ಲಿ ಸಿಗುತ್ತದೆ ಎಂದು ಬರೆದ ಸಣ್ಣ ಫಲಕ. ಸಂಬಳವಿಲ್ಲದ ಕೆಲಸ. ಬರುವವರು ಹೆಚ್ಚಿನವರು ನನ್ನ ವಯಸ್ಸಿನವರೇ. ಪಾಸ್‌ವರ್ಡ್ ಮರೆತವರು, ಹೊಸ ಲ್ಯಾಪ್‌ಟಾಪ್ ಕೊಂಡು ಅದರ ಮೊದಲ ಪರದೆಯಲ್ಲೇ ಸಿಕ್ಕಿಹಾಕಿಕೊಂಡವರು, ಮೊಮ್ಮಕ್ಕಳ ಫೋಟೋ ಎಲ್ಲಿ ಹೋಯಿತೋ ಎಂದು ಹುಡುಕುವವರು. ನನಗೆ ಕಂಪ್ಯೂಟರಿನ ವಿಶೇಷ ವಿದ್ಯೆಯೇನೂ ಇಲ್ಲ. ನನ್ನ ದುಡಿಮೆಯ ವರ್ಷಗಳೆಲ್ಲ ವಿಮಾನದ ರೆಕ್ಕೆ ಎಷ್ಟು ಬಗ್ಗಿದರೆ ಮುರಿಯುತ್ತದೆ ಎಂದು ಪರೀಕ್ಷಿಸುವುದರಲ್ಲಿ ಕಳೆದವು. ಆದರೆ ತೆರೆಯ ಮೇಲೆ ಬಂದದ್ದನ್ನು ಗಾಬರಿಯಾಗದೆ ಕೊನೆಯವರೆಗೆ ಓದುವ ಅಭ್ಯಾಸ ಆ ಕೆಲಸದಿಂದ ಬಂದಿದೆ. ಮುಕ್ಕಾಲು ಪಾಲು ತೊಂದರೆಗಳು ಅಷ್ಟರಿಂದಲೇ ಬಗೆಹರಿಯುತ್ತವೆ.

ಆ ದಿನ ಆಕೆ ಬಂದಾಗ ನಾನು ಡಬ್ಬಿಯಲ್ಲಿ ತಂದಿದ್ದ ಅವಲಕ್ಕಿ ತಿಂದು ಮುಗಿಸುತ್ತಿದ್ದೆ. ಮೂವತ್ತರ ಆಸುಪಾಸಿನ ಹೆಣ್ಣುಮಗಳು. ನೆನೆದ ಜಾಕೆಟ್ಟು, ಹೆಗಲಿಗೆ ಬಟ್ಟೆಯ ಚೀಲ, ಕೈಹಿಡಿದ ಪುಟ್ಟ ಮಗಳು. ಮಗುವನ್ನು ಮೂಲೆಯಲ್ಲಿ ನಡೆಯುತ್ತಿದ್ದ ಕಥೆ ಹೇಳುವ ಗುಂಪಿನಲ್ಲಿ ಕೂರಿಸಿ, ಎರಡು ಸಲ ಹಿಂತಿರುಗಿ ನೋಡಿ, ನನ್ನ ಮೇಜಿಗೆ ಬಂದಳು. ಇಂಗ್ಲಿಷಿನಲ್ಲಿ ಶುರು ಮಾಡಿದಳು. ಎರಡನೆಯ ವಾಕ್ಯಕ್ಕೇ ನನಗೆ ಗೊತ್ತಾಗಿಹೋಯಿತು.

“ಕನ್ನಡದವರಾ?” ಎಂದೆ.

ಆಕೆಯ ಮುಖ ಸಡಿಲವಾಯಿತು, ಆದರೆ ಒಂದೇ ಕ್ಷಣ. ಸುತ್ತ ಒಮ್ಮೆ ಕಣ್ಣಾಡಿಸಿ ದನಿ ತಗ್ಗಿಸಿದಳು. “ಹೌದು ಆಂಟಿ. ಎರಡು ಗಂಟೆಗೆ ಒಂದು ವಿಡಿಯೋ ಇಂಟರ್ವ್ಯೂ ಇದೆ. ಲ್ಯಾಪ್‌ಟಾಪಲ್ಲಿ ಆ ಆಪ್ ಇನ್‌ಸ್ಟಾಲ್ ಆಗ್ತಾನೇ ಇಲ್ಲ. ಪಾಸ್‌ವರ್ಡ್ ಕೇಳುತ್ತೆ. ನಿನ್ನೆಯಿಂದ ಟ್ರೈ ಮಾಡ್ತಿದೀನಿ.”

ಆಗ ಒಂದು ಗಂಟೆ ದಾಟಿತ್ತು. ಸಾಕಷ್ಟು ಹೊತ್ತಿದೆ ಎಂದು ಧೈರ್ಯ ಹೇಳಿದೆ. ಎಂಥ ಕೆಲಸ ಎಂದು ಕೇಳಿದಾಗ, ಆಹಾರ ಪದಾರ್ಥಗಳಲ್ಲಿ ಸೂಕ್ಷ್ಮಜೀವಿಗಳಿವೆಯೇ ಎಂದು ಪರೀಕ್ಷೆ ಮಾಡುವ ಲ್ಯಾಬ್ ಎಂದಳು. ಊರಿನಲ್ಲಿ ಮೈಕ್ರೊಬಯಾಲಜಿಯಲ್ಲಿ ಎಂ.ಎಸ್ಸಿ. ಮಾಡಿ, ಹಾಲಿನ ಡೇರಿಯೊಂದರ ಲ್ಯಾಬಿನಲ್ಲಿ ಕೆಲಸ ಮಾಡಿದ್ದಳಂತೆ. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಕೆಲಸದ ಪರ್ಮಿಟ್ ಬರುವುದಕ್ಕೆ ಕಾದು, ಈಗಷ್ಟೇ ಅದು ಕೈಗೆ ಬಂದಿತ್ತು. ಇದು ಮೊದಲ ಇಂಟರ್ವ್ಯೂ.

ಲ್ಯಾಪ್‌ಟಾಪ್ ತೆರೆದೆ. ಆಕೆ ತನ್ನ ಪಿನ್ ಒತ್ತಿ ಒಳಗೆ ಹೋದಳು. ಆಪ್ ಹಾಕಲು ಹೋದರೆ ಆಡಳಿತಗಾರರ ಪಾಸ್‌ವರ್ಡ್ ಬೇಕು ಎಂಬ ಚೌಕ ಬಂತು. ಆಕೆ ತನಗೆ ಗೊತ್ತಿದ್ದ ಎಲ್ಲವನ್ನೂ ಹಾಕಿ ನೋಡಿದಳು. ಮಗಳ ಹೆಸರು, ಮದುವೆಯ ದಿನ, ಮನೆಯ ವೈಫೈಯದು. ಯಾವುದನ್ನೂ ಅದು ಒಪ್ಪಲಿಲ್ಲ. ಇಂಥ ಕಡೆ ನಾನು ಮಾಡುವುದು ಒಂದೇ. ಪಾಸ್‌ವರ್ಡ್ ಮರೆತಿದ್ದೇನೆ ಎಂಬ ಸಾಲನ್ನು ಒತ್ತಿದೆ. ಎರಡೇ ಅಂಕೆ ಕಾಣುವಂತೆ ಒಂದು ಫೋನ್ ನಂಬರ್ ಬಂತು, ಅದಕ್ಕೆ ಕೋಡ್ ಕಳಿಸಲೇ ಎಂಬ ಪ್ರಶ್ನೆಯ ಜೊತೆಗೆ. ನನ್ನ ಬೆರಳು ಗುಂಡಿಯ ಮೇಲಿತ್ತು.

ಆಕೆ ನನ್ನ ಮಣಿಕಟ್ಟನ್ನು ಹಿಡಿದುಕೊಂಡಳು. ಹಿಡಿತ ಎಷ್ಟು ಬಿಗಿಯಾಗಿತ್ತೆಂದರೆ ಬಳೆ ಚರ್ಮಕ್ಕೆ ಒತ್ತಿತು.

“ಬ್ಯಾಡ್ರಿ! ಅದು ಅವ್ರಿಗೆ ಹೋಗ್ತೈತ್ರಿ!”

ಅಲ್ಲಿಯವರೆಗೆ ಬೆಂಗಳೂರಿನ ಕನ್ನಡ ಆಡುತ್ತಿದ್ದವಳ ಬಾಯಿಂದ ಗದಗ ಕಡೆಯ ಮಾತು ಹೊರಬಂದಿತ್ತು. ಕೈ ಬಿಟ್ಟು, ಸಾರಿ ಎಂದು, ಮತ್ತೆ ತಿದ್ದಿಕೊಂಡಳು. “ನಮ್ಮ ಮನೆಯವರ ನಂಬರ್ ಅದು. ಮೀಟಿಂಗಲ್ಲಿ ಇರ್ತಾರೆ. ಡಿಸ್ಟರ್ಬ್ ಆಗುತ್ತೆ.”

ಗಂಡನ ಮೀಟಿಂಗಿಗೆ ಅಡ್ಡಿಯಾಗುತ್ತದೆಂದು ಯಾರೂ ಹಾಗೆ ಕೈ ಹಿಡಿಯುವುದಿಲ್ಲ. ಆದರೂ ನಾನು ಏನೂ ಕೇಳಲಿಲ್ಲ. ಆ ಮೇಜಿನಲ್ಲಿ ಕೂರುವವರಿಗೆ ಒಂದು ನಿಯಮವಿದೆ: ಯಂತ್ರದ ವಿಷಯ ಕೇಳಬೇಕು, ಮನೆಯ ವಿಷಯ ಕೇಳಬಾರದು.

“ಆಯ್ತು. ಆಪ್ ಬೇಡವೇ ಬೇಡ. ಇಂಟರ್ವ್ಯೂ ಲಿಂಕ್ ಇರೋ ಮೇಲ್ ತೆಗಿ. ಬ್ರೌಸರಲ್ಲೇ ಓಪನ್ ಮಾಡೋಣ,” ಎಂದೆ. ನನಗೇ ತಿಳಿಯದೆ ಏಕವಚನಕ್ಕೆ ಇಳಿದಿದ್ದೆ.

ಮೇಲ್ ಸಿಕ್ಕಿತು. ಲಿಂಕ್ ಒತ್ತಿದೆವು. ಬಿಳಿಯ ಪುಟದ ನಡುವೆ ಒಂದು ಬೀಗದ ಚಿತ್ರ ಬಂದು ನಿಂತಿತು. ಈ ಜಾಲತಾಣಕ್ಕೆ ಹೋಗಲು ಅನುಮತಿ ಬೇಕು. ಕೆಳಗೆ ‘ಕೇಳಿ’ ಎಂಬ ಗುಂಡಿ.

“ಇದನ್ನ ನಿನ್ನೆ ಸಂಜೆ ಎಷ್ಟೋ ಸಲ ಒತ್ತಿದೆ ಆಂಟಿ. ರಿಜೆಕ್ಟ್ ಆಗ್ತಾನೇ ಇತ್ತು.”

“ಯಾರ ಹತ್ರ ಕೇಳುತ್ತೆ ಇದು?”

“ಆಫೀಸ್‌ಗೆ ಹೋಗುತ್ತೆ ಅಂದಿದ್ರು ಅವರು. ಇದು ಅವರ ಆಫೀಸಿನ ಹಳೇ ಲ್ಯಾಪ್‌ಟಾಪ್ ಅಲ್ವಾ, ಆಫೀಸಿನ ಸೆಕ್ಯುರಿಟಿ ರೂಲ್ಸ್ ಎಲ್ಲಾ ಹಾಗೇ ಇದಾವಂತೆ.”

ಆಫೀಸಿನ ಯಂತ್ರಗಳನ್ನು ನಾನು ವರ್ಷಗಟ್ಟಲೆ ನೋಡಿದ್ದೇನೆ. ಅವು ಈ ರೀತಿ ಮಾತಾಡುವುದಿಲ್ಲ. ಈ ಬೀಗದ ಚಿತ್ರವನ್ನು ನಾನು ಬೇರೆ ಕಡೆ ಕಂಡಿದ್ದೆ. ನನ್ನ ಮೊಮ್ಮಗಳು ಆಟದ ತಾಣವೊಂದಕ್ಕೆ ಹೋಗಲು ನೋಡಿದಾಗ ಅವಳ ಟ್ಯಾಬ್ಲೆಟ್ಟಿನಲ್ಲಿ ಬಂದದ್ದು ಇದೇ. ಖಾತೆಯ ವಿವರದ ಪುಟ ತೆರೆಯಲೇ ಎಂದು ಕೇಳಿದೆ. ತೆರೆಯಿರಿ ಎಂದಳು.

ಆಕೆಯ ಹೆಸರಿನ ಮುಂದೆ ಒಂದೇ ಪದವಿತ್ತು: ಮಗು.

ಕುಟುಂಬದ ಗುಂಪು ಎಂಬ ಶೀರ್ಷಿಕೆಯ ಕೆಳಗೆ ಇಬ್ಬರೇ ಸದಸ್ಯರು. ಗಂಡ, ಗುಂಪಿನ ಹಿರಿಯ. ಹೆಂಡತಿ, ಮಗು. ಯಾವ ತಾಣ ನೋಡಬಹುದು, ಏನೇನು ಹುಡುಕಿದಳು, ದಿನಕ್ಕೆ ಎಷ್ಟು ಹೊತ್ತು ಲ್ಯಾಪ್‌ಟಾಪ್ ಬಳಸಬಹುದು, ಎಲ್ಲಕ್ಕೂ ಹಿರಿಯನ ಅಪ್ಪಣೆ. ವಾರಕ್ಕೊಮ್ಮೆ ಎಲ್ಲದರ ವರದಿ ಹಿರಿಯನ ಮೇಲ್‌ಗೆ. ನಾನು ಓದುತ್ತ ಹೋದೆ, ಆಕೆಯೂ ನನ್ನ ಹೆಗಲ ಮೇಲಿಂದ ಓದುತ್ತಿದ್ದಳು. ದೊಡ್ಡವರ ಖಾತೆಯನ್ನು ಹೀಗೆ ಮಾಡಲು ಬರುವುದಿಲ್ಲವಲ್ಲ ಎಂದು ನನಗೆ ಅನುಮಾನ. ಹುಟ್ಟಿದ ದಿನದ ಸಾಲಿಗೆ ಬಂದಾಗ ಅದಕ್ಕೂ ಉತ್ತರ ಸಿಕ್ಕಿತು.

“ತಾರೀಖು ನಂದೇ. ತಿಂಗಳೂ ನಂದೇ,” ಎಂದಳು ಆಕೆ. “ವರ್ಷ...”

“ಈ ವರ್ಷದ ಪ್ರಕಾರ ನಿನಗೀಗ ಹನ್ನೊಂದು.”

ಆಕೆ ಅಳಲಿಲ್ಲ. ಕುರ್ಚಿಯ ಹಿಂಬದಿಗೆ ಒರಗಿ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಮೂಲೆಯಲ್ಲಿ ಮಕ್ಕಳು ಕಥೆಯ ಯಾವುದೋ ಪ್ರಾಣಿಯಂತೆ ಒಟ್ಟಾಗಿ ಕೂಗುತ್ತಿದ್ದರು. ಆಮೇಲೆ ಆಕೆ ಮಾತಾಡಿದಳು. ಈಗ ದನಿಯಲ್ಲಿ ಬೆಂಗಳೂರು ಇರಲಿಲ್ಲ.

“ನಿನ್ನೆ ನಾ ಕೇಳಿ ಕೇಳಿ ಒತ್ತೂ ಮುಂದ ಅವ್ರು ನನ್ನ ಬಾಜೂಕ ಸೋಫಾದ ಮ್ಯಾಲೆ ಕುಂತಿದ್ರರಿ. ನಾ ಒಂದ್ಸಲ ಒತ್ತಿದ್ರ ಅವ್ರ ಫೋನ್ ಒಂದ್ಸಲ ಗುಯ್ ಅಂತಿತ್ತು. ನೋಡಿ ನೋಡಿ ಏನೋ ಒತ್ತಿ ಇಡ್ತಿದ್ರು. ಯಾರ ಮೆಸೇಜ್ ರಿ ಇಷ್ಟು ಬರ್ಲಿಕ್ಕತ್ತಾವು ಅಂತ ನಾನ ಕೇಳ್ದೆ. ಆಫೀಸಿಂದು ಅಂದ್ರು.”

ನಮ್ಮ ಮನೆಯಲ್ಲೂ ವೈಫೈ, ತೆರಿಗೆ, ಎಲ್ಲ ಪಾಸ್‌ವರ್ಡ್ ನೋಡಿಕೊಳ್ಳುವವರು ನನ್ನ ಗಂಡ. ಅದಕ್ಕೆ ನಾನು ಇದುವರೆಗೆ ಯಾವ ಹೆಸರನ್ನೂ ಕೊಟ್ಟಿರಲಿಲ್ಲ. ಎಲ್ಲಿಂದ ಎಲ್ಲಿಯವರೆಗೆ ಅನುಕೂಲ, ಎಲ್ಲಿಂದ ಮುಂದೆ ಬೇರೆ ಏನೋ ಎಂದು ಯೋಚಿಸುವ ಪ್ರಸಂಗವೇ ಬಂದಿರಲಿಲ್ಲ. ಆದರೆ ಪಕ್ಕದಲ್ಲಿ ಕೂತು, ಹೆಂಡತಿ ಕಷ್ಟಪಡುವುದನ್ನು ನೋಡುತ್ತ, ಫೋನಿನಲ್ಲಿ ಬೇಡ ಎಂದು ಒತ್ತುತ್ತಿದ್ದ ಆ ಕೈ ನನ್ನ ಕಣ್ಣಿಗೆ ಕಟ್ಟಿತು.

“ಇಂಟರ್ವ್ಯೂ ಇರೋದು ಅವರಿಗೆ ಗೊತ್ತಾ?”

“ಹೇಳಿಲ್ರಿ. ಆದ್ರ ಈಗ ಗೊತ್ತೈತಿ ಅಂತಾತಲ್ಲ. ಯಾವ ಸೈಟ್ ಅಂತ ಅವ್ರಿಗೆ ಕಾಣ್ತಿತ್ತಲ್ರಿ.”

ಆಗಲೇ ತೆರೆ ಬದಲಾಯಿತು. ಇವತ್ತಿನ ಸಮಯ ಮುಗಿಯಿತು ಎಂಬ ಸಾಲು, ಇನ್ನಷ್ಟು ಸಮಯ ಬೇಕಾದರೆ ಕೇಳಿ ಎಂಬ ಗುಂಡಿ. ಹಿಂದೆ ಏನೂ ಇಲ್ಲ. ಇಂಟರ್ವ್ಯೂ ಲಿಂಕ್ ಇದ್ದ ಮೇಲ್ ಆ ಬೀಗದ ಹಿಂದೆ ಉಳಿಯಿತು. ಗೋಡೆಯ ಗಡಿಯಾರದಲ್ಲಿ ಒಂದೂವರೆ.

ಗ್ರಂಥಾಲಯದ ಕಂಪ್ಯೂಟರಿನ ಮುಂದೆ ಓಡಿಹೋಗಿ ಕೂತೆವು. ಆಕೆಯ ಮೇಲ್ ತೆರೆಯಲು ನೋಡಿದರೆ, ಇದು ಗುರುತಿಲ್ಲದ ಕಂಪ್ಯೂಟರ್, ನಿಮ್ಮ ಫೋನಿಗೆ ಕೋಡ್ ಕಳಿಸುತ್ತೇವೆ ಎಂದಿತು. ಮತ್ತೆ ಅದೇ ಎರಡು ಅಂಕೆ. ಗಂಡನ ನಂಬರು. ಆಕೆಯ ಫೋನಿನಲ್ಲಿ ಮೇಲ್ ಇಲ್ಲವೇ ಎಂದರೆ, ಹೋದ ವಾರ ಅಪ್‌ಡೇಟ್ ಮಾಡಿಕೊಡುತ್ತೇನೆಂದು ಗಂಡ ತೆಗೆದುಕೊಂಡು ಹೋಗಿ ವಾಪಸ್ಸು ಕೊಟ್ಟಾಗಿನಿಂದ ಅದರಲ್ಲಿ ಮೇಲ್ ಬರುತ್ತಿಲ್ಲ ಎಂದಳು. ಹೇಳುತ್ತ ಹೇಳುತ್ತ ಆಕೆಗೇ ಅರ್ಥವಾಗುತ್ತಿತ್ತು. ಯಾವ ಬಾಗಿಲು ತಟ್ಟಿದರೂ ಗಂಟೆ ಒಂದೇ ಕಡೆ ಬಾರಿಸುವಂತೆ ಕೂರಿಸಿದ್ದ ಮನುಷ್ಯ.

“ಹೋಗ್ಲಿ ಬಿಡ್ರಿ ಆಂಟಿ,” ಎಂದಳು. “ನನ್ನ ನಸೀಬ ಇಷ್ಟ.”

“ಲ್ಯಾಬಿನ ಹೆಸರು ಗೊತ್ತಲ್ಲ?” ಎಂದೆ. ನನ್ನ ದನಿ ಗಡುಸಾಗಿತ್ತು. ಆಕೆಯ ಮೇಲಲ್ಲ ಸಿಟ್ಟು. “ಫೋನ್ ಮಾಡು. ಬೇರೆ ಮೇಲ್‌ಗೆ ಲಿಂಕ್ ಕಳಿಸಿ ಅಂತ ಕೇಳು. ಅಷ್ಟರಲ್ಲಿ ಒಂದು ಹೊಸ ಮೇಲ್ ಮಾಡೋಣ.”

ನಮ್ಮ ಗಡಿಬಿಡಿಯನ್ನು ಆಗಲೇ ಗಮನಿಸಿದ್ದ ಗ್ರಂಥಪಾಲಕಿ ಹತ್ತಿರ ಬಂದರು. ನೆರೆತ ಕೂದಲನ್ನು ಗಿಡ್ಡವಾಗಿ ಕತ್ತರಿಸಿಕೊಂಡ, ಹೆಚ್ಚು ಮಾತಾಡದ ಹೆಂಗಸು. ನಾನು ನಾಲ್ಕು ಮಾತಿನಲ್ಲಿ ವಿಷಯ ಹೇಳಿದೆ. ಅವರು ಆಶ್ಚರ್ಯವನ್ನೂ ತೋರಿಸಲಿಲ್ಲ, ಅಯ್ಯೋ ಎಂದೂ ಅನ್ನಲಿಲ್ಲ. ಗಾಜಿನ ಗೋಡೆಯ ಓದುವ ಕೋಣೆಯ ಬೀಗ ತೆಗೆದು, ಗ್ರಂಥಾಲಯದ ಲ್ಯಾಪ್‌ಟಾಪ್ ಒಂದನ್ನು ತಂದು ಒಳಗಿಟ್ಟು, “ಕೋಣೆ ಸಂಜೆಯವರೆಗೂ ನಿಮ್ಮದೇ,” ಎಂದು ಇಂಗ್ಲಿಷಿನಲ್ಲಿ ಹೇಳಿ ಹೋದರು.

ಹೊಸ ಖಾತೆಯೂ ಫೋನ್ ನಂಬರ್ ಕೇಳಿತು. ನನ್ನದು ಹಾಕಲೇ ಎಂದು ಬಾಯಿಗೆ ಬಂತು, ಆದರೆ ತಡೆದುಕೊಂಡೆ. ಮತ್ತೊಬ್ಬರ ನಂಬರಿನಡಿಗೆ ಆಕೆಯನ್ನು ತಂದು ನಿಲ್ಲಿಸುವುದು ಸರಿಯೆನ್ನಿಸಲಿಲ್ಲ. ಆಕೆ ತನ್ನದನ್ನೇ ಹಾಕಿದಳು. ಬರುವ ಮೆಸೇಜುಗಳು ಗಂಡನಿಗೂ ಕಾಣುತ್ತವೆಯೇ ಎಂದು ನನ್ನನ್ನು ಕೇಳಿದಳು. ಗೊತ್ತಿಲ್ಲಮ್ಮ ಎಂದು ನಿಜವನ್ನೇ ಹೇಳಿದೆ.

“ಕಂಡ್ರ ಕಾಣ್ಲಿ,” ಎಂದಳು.

ಪಾಸ್‌ವರ್ಡ್ ಇಡುವ ಚೌಕ ಬಂದಾಗ ನಾನು ಎದ್ದು ಬೆನ್ನು ತಿರುಗಿಸಿ ನಿಂತೆ. ಹೀಗೆ ಮಾಡುವುದು ನನ್ನ ರೂಢಿ. ಹಿಂದಿನಿಂದ ಕೀಲಿಗಳ ಸದ್ದು ತಕ್ಷಣ ಬರಲಿಲ್ಲ.

“ಏನ್ ಇಡ್ಲಿ ಆಂಟಿ?”

“ಅದನ್ನ ನನಗೂ ಹೇಳಬಾರದು. ಬೇರೆಯವರು ಊಹಿಸೋಕೆ ಆಗಬಾರದು, ನೀನು ಮರೀಬಾರದು. ಅಷ್ಟೇ.”

ಆಮೇಲೆ ಕೀಲಿಗಳು ಸರಸರನೆ ಓಡಿದವು. ಎರಡನೆಯ ಸಲವೂ ತಡವರಿಸದೆ ಹಾಕಿದಳು.

ಲ್ಯಾಬಿಗೆ ಮಾಡಿದ ಫೋನ್ ಮೊದಲ ಸಲ ಯಾರೂ ಎತ್ತಲಿಲ್ಲ. ಎರಡನೆಯ ಸಲ ಎತ್ತಿದವರು ಕಾಯಲು ಹೇಳಿ ಸಂಗೀತ ಹಾಕಿದರು. ಆಕೆ ನಿಂತಲ್ಲಿ ನಿಲ್ಲದೆ ಕೋಣೆಯ ಉದ್ದಕ್ಕೂ ನಡೆದಾಡುತ್ತಿದ್ದಳು. ನಾನು ಹೊಸ ಮೇಲ್‌ನ ಖಾಲಿ ಪುಟವನ್ನು ಮತ್ತೆ ಮತ್ತೆ ರಿಫ್ರೆಶ್ ಮಾಡುತ್ತಿದ್ದೆ. ಕೊನೆಗೆ ಮನುಷ್ಯರ ದನಿ ಬಂತು. ಆಕೆ ತನ್ನ ಹೊಸ ವಿಳಾಸವನ್ನು ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು. ಎರಡಕ್ಕೆ ಇನ್ನೇನು ಸ್ವಲ್ಪವೇ ಇರುವಾಗ ಮೇಲ್ ಬಂದು ಬಿತ್ತು. ಲಿಂಕ್ ಒತ್ತಿದೆವು. ತೆರೆಯಲ್ಲಿ ಆಕೆಯ ಮುಖವೇ ಕಂಡಿತು, ಮಳೆಗೆ ಅಂಟಿಕೊಂಡ ಕೂದಲಿನೊಂದಿಗೆ. ಗಾಬರಿಯಿಂದ ಎರಡೂ ಕೈಯಲ್ಲಿ ತಲೆ ಸರಿಮಾಡಿಕೊಂಡಳು. ಫೋನನ್ನು ಸದ್ದಿಲ್ಲದಂತೆ ಮಾಡಿ ನನ್ನ ಕೈಗೆ ತುರುಕಿದಳು.

“ಅವ್ರು ಮಾಡಿದ್ರ ಎತ್ತಬ್ಯಾಡ್ರಿ. ಮಗಳ್ನ ನೋಡ್ಕೋರಿ.”

ಬಾಗಿಲು ಮುಚ್ಚಿ ಹೊರಗೆ ಬಂದೆ.

ಕಥೆಯ ಗುಂಪು ಮುಗಿದಿತ್ತು. ಮಗು ಓಡಿಬಂದು ಅಮ್ಮ ಎಲ್ಲಿ ಎಂದು ಇಂಗ್ಲಿಷಿನಲ್ಲಿ ಕೇಳಿತು. ಅಮ್ಮ ಕೆಲಸದಲ್ಲಿದ್ದಾಳೆ ಎಂದು ಕನ್ನಡದಲ್ಲಿ ಹೇಳಿದೆ. ಅದು ಗಾಜಿನೊಳಗೆ ನೋಡಿ, ತಲೆಯಾಡಿಸಿ, ನನ್ನ ಪಕ್ಕದ ಕುರ್ಚಿ ಹತ್ತಿ ಕೂತಿತು. ಗಾಜಿನಾಚೆ ಆಕೆ ಮಾತಾಡುತ್ತಿದ್ದುದು ಕಾಣುತ್ತಿತ್ತು, ಕೇಳುತ್ತಿರಲಿಲ್ಲ. ಮೊದಲು ಕೈಗಳು ತೊಡೆಯ ಮೇಲೆ ಬಿಗಿದುಕೊಂಡಿದ್ದವು. ಬರಬರುತ್ತ ಅವು ಮೇಲೆ ಬಂದು ಗಾಳಿಯಲ್ಲಿ ಏನನ್ನೋ ಅಳೆದು ತೋರಿಸತೊಡಗಿದವು.

ನನ್ನ ಅಂಗೈಯಲ್ಲಿದ್ದ ಫೋನ್ ನಡುಗಿತು. ನಿಂತಿತು. ಮತ್ತೆ ನಡುಗಿತು. ಅದನ್ನು ಮೇಜಿನ ಮೇಲೆ ಬೋರಲು ಹಾಕಿದರೆ ಮರದ ಮೇಲೆ ಗುರ್ರೆನ್ನುತ್ತಿತ್ತು, ಎತ್ತಿ ಮಡಿಲಲ್ಲಿಟ್ಟುಕೊಂಡೆ. ಅಷ್ಟು ಹೊತ್ತಿನಲ್ಲಿ ಎಷ್ಟು ಸಲ ಬಂತೋ ಲೆಕ್ಕ ಇಡಲಿಲ್ಲ. ಆಮೇಲೆ ಒಮ್ಮೆಗೇ ನಿಂತುಹೋಯಿತು. ಬಡಿದುಕೊಳ್ಳುವುದಕ್ಕಿಂತ ಆ ಸುಮ್ಮನಿರುವಿಕೆಯೇ ನನಗೆ ಹೆಚ್ಚು ಹೆದರಿಕೆ ತಂದಿತು.

ಸ್ವಲ್ಪ ಹೊತ್ತಿಗೆ ಮುಂಬಾಗಿಲು ತೆರೆದುಕೊಂಡಿತು. ಒಳಗೆ ಬಂದ ಯುವಕನನ್ನು ನೋಡಿ ಮಗು, “ಡ್ಯಾಡಿ!” ಎಂದು ಕೂಗಿತು.

ನನ್ನ ಮನಸ್ಸಿನಲ್ಲಿ ಒಬ್ಬ ಒರಟು ಮನುಷ್ಯ ರೂಪುಗೊಂಡಿದ್ದ. ಈತ ಹಾಗಿರಲಿಲ್ಲ. ಕನ್ನಡಕ, ಮೃದುವಾದ ಮುಖ, ಮನೆಯ ಚಪ್ಪಲಿಯಲ್ಲೇ ಕಾರು ಹತ್ತಿ ಬಂದಂತಿತ್ತು. ಮಗಳನ್ನು ಎತ್ತಿಕೊಂಡ. ಆಮೇಲೆ ನನ್ನ ಮೇಜಿನ ಮೇಲಿದ್ದ ಲ್ಯಾಪ್‌ಟಾಪ್ ನೋಡಿದ, ನನ್ನ ಮಡಿಲಲ್ಲಿದ್ದ ಫೋನ್ ನೋಡಿದ, ಗಾಜಿನಾಚೆ ಹೆಂಡತಿಯನ್ನು ನೋಡಿದ. ಮಗಳನ್ನು ಕೆಳಗಿಳಿಸಿ ಕೋಣೆಯ ಕಡೆ ಹೆಜ್ಜೆ ಹಾಕಿದ.

ನಾನು ಎದ್ದು ಬಾಗಿಲಿಗೆ ಅಡ್ಡ ನಿಂತೆ. ಹಾಗೆ ನಿಲ್ಲಬೇಕೆಂದು ಯೋಚಿಸಿ ಮಾಡಿದ್ದಲ್ಲ.

“ಒಳಗೆ ಇಂಟರ್ವ್ಯೂ ನಡೀತಿದೆ. ಮುಗಿಯೋವರೆಗೆ ಕೂತ್ಕೊಳ್ಳಿ,” ಎಂದೆ.

“ಓ, ನೀವು ಕನ್ನಡದವರಾ? ನಮಸ್ಕಾರ ಮೇಡಂ,” ಎಂದ. ನಗುವುದನ್ನೂ ಮರೆಯಲಿಲ್ಲ. “ನಾನು ಅವಳ ಹಸ್ಬೆಂಡ್. ಫೋನ್ ಎತ್ತಲಿಲ್ಲ ಅಂತ ಗಾಬರಿ ಆಗ್ಬಿಟ್ಟೆ. ಲ್ಯಾಪ್‌ಟಾಪ್ ಲೊಕೇಶನ್ ನೋಡಿ ಬಂದೆ. ಒಂದೇ ನಿಮಿಷ, ಮಾತಾಡಿಸಿಬಿಡ್ತೀನಿ.”

“ಮುಗಿದ ಮೇಲೆ ಮಾತಾಡಿಸಿ.”

“ಮೇಡಂ, ಅವಳು ನನ್ನ ಹೆಂಡ್ತಿ.”

“ಹೌದಪ್ಪಾ. ಅದಕ್ಕೇ ಕೂತ್ಕೊಳ್ಳಿ ಅಂತಿದೀನಿ.”

ಪಕ್ಕದಲ್ಲಿ ಯಾರೋ ನಿಂತಂತಾಗಿ ತಿರುಗಿದರೆ ಗ್ರಂಥಪಾಲಕಿ, ಕೈಯಲ್ಲಿ ಪುಸ್ತಕಗಳ ಕಟ್ಟು. ಆ ಬಾಗಿಲ ಪಕ್ಕದ ಕಪಾಟಿನಲ್ಲೇ ಅವನ್ನು ಒಂದೊಂದಾಗಿ ಜೋಡಿಸತೊಡಗಿದರು. ಆತ ಇಬ್ಬರನ್ನೂ ನೋಡಿ, ಹೋಗಿ ನನ್ನ ಮೇಜಿನ ಮುಂದೆ ಕೂತ. ಮಗಳಿಗೆ ಒಂದು ಚಿತ್ರದ ಪುಸ್ತಕ ಕೊಟ್ಟು ಸ್ವಲ್ಪ ದೂರದಲ್ಲಿ ಕೂರಿಸಿದ.

“ಲ್ಯಾಪ್‌ಟಾಪ್ ಏನಾಗಿತ್ತು ಅಂತ ನನ್ನನ್ನ ಕೇಳಿದ್ರೆ ಸರಿ ಮಾಡಿಕೊಡ್ತಿದ್ದೆ. ಸೆಕ್ಯುರಿಟಿನೇ ನನ್ನ ಕೆಲಸ,” ಎಂದ.

ಸುಮ್ಮನಿರಬೇಕಿತ್ತು. ಇರಲಾಗಲಿಲ್ಲ. “ಅವಳನ್ನ ಮಗು ಅಂತ ಯಾಕೆ ಹಾಕಿದೀರಿ?”

ಆತನ ಮುಖದಲ್ಲಿ ನಾಚಿಕೆ ಹುಡುಕಿದೆ. ಕಂಡದ್ದು ತಾಳ್ಮೆ, ತಿಳಿಯದವರಿಗೆ ತಿಳಿಸಿ ಹೇಳುವವರ ತಾಳ್ಮೆ.

“ಮೇಡಂ, ಬಂದ ಹೊಸದರಲ್ಲಿ ಯಾವುದೋ ಫ್ರಾಡ್ ಲಿಂಕ್ ಒತ್ತಿಬಿಟ್ಟಿದ್ಳು. ಇಲ್ಲಿನ ಪ್ರಪಂಚ ಅವಳಿಗೆ ಗೊತ್ತಿಲ್ಲ. ಇದು ಒಂದು ಪ್ರೊಟೆಕ್ಷನ್ ಅಷ್ಟೇ. ನಾನು ಅವಳಿಗೆ ಏನು ಕಮ್ಮಿ ಮಾಡಿದೀನಿ, ನೀವೇ ಕೇಳಿ ನೋಡಿ.”

“ಇಂಟರ್ವ್ಯೂ ಸೈಟ್ ಫ್ರಾಡ್ ಆಗಿತ್ತಾ?”

ಆತ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡ. ಒರೆಸಿದ ಗಾಜನ್ನೇ ಮತ್ತೆ ಮತ್ತೆ ಒರೆಸಿದ. ಆತನಿಗೂ ಭಯವಿದೆ ಎಂದು ಆಗ ನನಗೆ ಗೊತ್ತಾಯಿತು. ಅದರಿಂದ ನನ್ನ ಸಿಟ್ಟು ಇಳಿಯಲಿಲ್ಲ.

ಬಾಗಿಲು ತೆರೆದು ಆಕೆ ಹೊರಬಂದಾಗ ಕೆನ್ನೆ ಕೆಂಪಾಗಿತ್ತು. ಗಂಡನನ್ನು ಒಳಗಿನಿಂದಲೇ ನೋಡಿದ್ದಳೆಂದು ಕಾಣುತ್ತದೆ, ಬೆಚ್ಚಲಿಲ್ಲ. ನನ್ನ ಕೈಯಿಂದ ಫೋನ್ ತೆಗೆದುಕೊಂಡಳು. ಆತ ಎದ್ದು, “ಹೇಗಾಯ್ತು? ಹೇಳಿದ್ರೆ ನಾನೇ ಸೆಟಪ್ ಮಾಡ್ತಿದ್ನಲ್ಲ,” ಎಂದ. ಆಕೆ ಲ್ಯಾಪ್‌ಟಾಪನ್ನು ಆತನ ಕಡೆ ತಿರುಗಿಸಿ ಇಟ್ಟಳು.

“ನನ್ನ ವಯಸ್ಸು ಸರಿ ಮಾಡ್ರಿ.”

“ಮನೆಗೆ ಹೋಗಿ ಮಾತಾಡೋಣ. ಇದು ಅದಕ್ಕೆ ಜಾಗ ಅಲ್ಲ.”

“ಇಲ್ಲೇ ಮಾಡ್ರಿ.”

“ಎಲ್ಲರೂ ನೋಡ್ತಿದಾರೆ.”

“ನೋಡ್ಲಿ ಅಂತನ ಇಲ್ಲೆ ಅನ್ನಾಕತ್ತೀನಿ.”

ಮಗು ಪುಸ್ತಕದಿಂದ ತಲೆಯೆತ್ತಿ ಇಬ್ಬರನ್ನೂ ನೋಡಿತು. ಆತ ಕೂತ. ಪಾಸ್‌ವರ್ಡ್ ಹಾಕಿದ, ಅಲ್ಲಿ ಇಲ್ಲಿ ಒತ್ತಿದ, ಗುಂಪಿನಿಂದ ಆಕೆಯ ಹೆಸರು ತೆಗೆದ. ಎಂಥ ಚುರುಕು ಬೆರಳುಗಳು. ಅಷ್ಟು ಸುಲಭದ ಕೆಲಸವಾಗಿತ್ತು ಅದು. ಆಮೇಲೆ ಆಕೆ, ಅಂಕೆಗೊಮ್ಮೆ ನನ್ನ ಕಡೆ ನೋಡುತ್ತ, ಎಲ್ಲ ಕಡೆ ಇದ್ದ ಆತನ ನಂಬರು ಅಳಿಸಿ ತನ್ನದನ್ನು ಹಾಕಿದಳು. ಕೋಡ್ ಆಕೆಯ ಫೋನಿಗೇ ಬಂತು.

ಹೊರಡುವ ಮುಂಚೆ ಮಗಳನ್ನು ಶೌಚಾಲಯಕ್ಕೆ ಕರೆದುಕೊಂಡು ಹೋಗುವ ನೆಪದಲ್ಲಿ ನಾನೂ ಆಕೆಯ ಜೊತೆ ಹೋದೆ. ಬಾಗಿಲ ಹಿಂದೆ, ಇಂಥ ಮನೆಗಳ ಹೆಂಗಸರು ಕರೆ ಮಾಡಬಹುದಾದ ಸಹಾಯದ ನಂಬರಿನ ಚೀಟಿ ಅಂಟಿಸಿದ್ದರು. ವರ್ಷಗಳಿಂದ ನೋಡುತ್ತಿದ್ದರೂ ಓದಿರಲಿಲ್ಲ. ಅದನ್ನು ತೋರಿಸಿದೆ. ನನ್ನ ನಂಬರ್ ಬರೆದುಕೊಡಲೇ ಎಂದೆ.

“ಬರೀಬ್ಯಾಡ್ರಿ. ಬಾಯಿಲೆ ಹೇಳ್ರಿ.”

ಹೇಳಿದೆ. ಆಕೆ ಕಣ್ಣು ಮುಚ್ಚಿ ಎರಡು ಸಲ ಒಪ್ಪಿಸಿದಳು. ನೀನು ಅವನ ಕಾರಿನಲ್ಲಿ ಹೋಗಲೇಬೇಕೇ ಎಂದು ಕೇಳಿದೆ. “ಕೈ ಮಾಡೂ ಮನುಷ್ಯಾ ಅಲ್ರಿ ಅವ್ರು,” ಎಂದಳು. ಅದನ್ನು ನನಗೆ ಹೇಳಿದಳೋ ತನಗೇ ಹೇಳಿಕೊಂಡಳೋ. ಗಾಜಿನ ಬಾಗಿಲಿನಿಂದ ಆ ಕಾರು ಹಿಂದೆ ಸರಿದು, ದೀಪ ಹಚ್ಚಿ, ಮಳೆಯೊಳಗೆ ಹೋಗುವುದನ್ನು ನೋಡುತ್ತ ನಿಂತೆ.

ಆ ಮೇಲಿನ ವಾರಗಳು ನನಗೆ ಚೆನ್ನಾಗಿ ಹೋಗಲಿಲ್ಲ. ಗುರುತಿಲ್ಲದ ನಂಬರಿನಿಂದ ಫೋನ್ ಬಂದರೆ ಕೈತೊಳೆಯದೆ ಓಡುತ್ತಿದ್ದೆ. ಬಹುಪಾಲು ಜಾಹೀರಾತಿನವರು. ಮನೆಯಲ್ಲಿ ಗಂಡನಿಗೆ ನಡೆದದ್ದನ್ನು ಹೇಳಿದೆ. ಅವರು ಊಟ ಬಿಟ್ಟು ಎದ್ದುಹೋಗಿ ನಮ್ಮ ಎಲ್ಲ ಪಾಸ್‌ವರ್ಡುಗಳನ್ನು ನನಗೆ ತೋರಿಸಲು ಕೂತರು. ಅದು ಬೇಡ ಎಂದು ರೇಗಿದೆ, ಆಮೇಲೆ ನೋಡಿದೆ. ಆಕೆಯ ಗಂಡನನ್ನು ಎಲ್ಲರೆದುರು ಕೂರಿಸಿ ತಪ್ಪು ಮಾಡಿದೆವೇನೋ, ಆ ಸಿಟ್ಟು ಮನೆಯಲ್ಲಿ ಆಕೆಯ ಮೇಲೆ ಹೊರಳಿತೇನೋ ಎಂಬ ಯೋಚನೆ ನನ್ನನ್ನು ಬಿಡಲಿಲ್ಲ. ಗ್ರಂಥಾಲಯದಲ್ಲಿ ಕಥೆಯ ಹೊತ್ತಿಗೆ ಕಣ್ಣು ಮೂಲೆಗೇ ಹೋಗುತ್ತಿತ್ತು. ಆ ಮಗು ಬರಲಿಲ್ಲ.

ಫೋನ್ ಬಂದದ್ದು ಚಳಿ ಕಳೆದು ಚೆರಿ ಮರಗಳು ಹೂ ಬಿಡುವ ಹೊತ್ತಿಗೆ.

“ಆಂಟಿ, ನಾನ್ರಿ.”

ಆ ಲ್ಯಾಬಿನ ಕೆಲಸ ಸಿಗಲಿಲ್ಲವಂತೆ. ಆದರೆ ಇಂಟರ್ವ್ಯೂ ಮಾಡಿದಾಕೆಯೇ ಹತ್ತಿರದ ಟಕ್ವಿಲಾ ಊರಿನಲ್ಲಿ, ಗೋದಾಮುಗಳ ನಡುವಿನ ಮತ್ತೊಂದು ಸಣ್ಣ ಲ್ಯಾಬಿಗೆ ಇವಳ ಹೆಸರು ಹೇಳಿದ್ದರು. ಅಲ್ಲಿ ಸೇರಿದ್ದಳು. ಹೆಪ್ಪುಗಟ್ಟಿಸಿದ ಮೀನು, ಕತ್ತರಿಸಿಟ್ಟ ಸೊಪ್ಪು, ಎಲ್ಲವನ್ನೂ ಪರೀಕ್ಷಿಸುತ್ತಾರಂತೆ. ಆ ಸಂಜೆ ಮನೆಯಲ್ಲಿ ಆತ ಕೂಗಾಡಲಿಲ್ಲ, ದಿನಗಟ್ಟಲೆ ಮಾತೇ ಆಡಲಿಲ್ಲ; ಒಂದು ದಿನ ಆಕೆಯ ಫೋನ್ ಮತ್ತೆ ಅಪ್‌ಡೇಟ್‌ಗೆಂದು ಕೈ ಚಾಚಿದ. ಅವತ್ತು ಬಾಗಿಲ ಹಿಂದಿನ ಆ ನಂಬರಿಗೆ ಕರೆ ಮಾಡಿದೆ ಎಂದಳು. ಆ ಸಹಾಯವಾಣಿಯವರ ನೆರವಿನಿಂದ ಈಗ ಮಗಳೊಂದಿಗೆ ಬೇರೆ ಮನೆಯಲ್ಲಿದ್ದಾಳೆ. ಶನಿವಾರ ಮಗಳು ಅಪ್ಪನ ಹತ್ತಿರ ಹೋಗುತ್ತಾಳೆ. ಮುಂದೇನು ಎಂದು ಕೇಳಿದ್ದಕ್ಕೆ, “ಇನ್ನೂ ಗೊತ್ತಿಲ್ರಿ. ಅಪ್ಪ ಅವ್ವ ದಿನಾ ಫೋನ್ ಮಾಡಿ ಹೊಂದ್ಕೊಂಡು ಹೋಗು ಅಂತಾರ. ಸದ್ಯಕ್ಕ ನಿದ್ದಿ ಚಲೋ ಬರ್ತೈತಿ,” ಎಂದಳು.

ಆತನನ್ನು ನಾನು ಮತ್ತೊಮ್ಮೆ ನೋಡಿದ್ದು ಪಕ್ಕದ ಬೆಲ್‌ವ್ಯೂ ಊರಿನ ಇಂಡಿಯನ್ ಅಂಗಡಿಯಲ್ಲಿ, ಹಾಗಲಕಾಯಿ ಆರಿಸುವಾಗ. ಗುರುತು ಹಿಡಿದು ಆತನೇ ಹತ್ತಿರ ಬಂದ. ಇಳಿದುಹೋಗಿದ್ದ. ಬಯ್ಯುತ್ತಾನೆಂದುಕೊಂಡೆ.

“ಮೇಡಂ, ಅವಳು ಚೆನ್ನಾಗಿದಾಳಾ?” ಎಂದು ಕೇಳಿದ.

ನನಗೆ ಗೊತ್ತಿತ್ತು. ಎಲ್ಲಿ ಕೆಲಸ, ಎಷ್ಟು ಹೊತ್ತಿಗೆ ಬಸ್ಸು, ನಿದ್ದೆ ಹೇಗೆ ಬರುತ್ತದೆ, ಎಲ್ಲ.

“ನೀವೇ ಕೇಳಿ,” ಎಂದೆ.

“ಕೇಳಿದ್ರೆ ಏನೂ ಹೇಳಲ್ಲ.”

ನಾನು ಮತ್ತೆ ಹಾಗಲಕಾಯಿಗಳ ಕಡೆ ತಿರುಗಿದೆ. ಆತ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದ. ಆಮೇಲೆ ತನ್ನ ಬುಟ್ಟಿ ಎತ್ತಿಕೊಂಡು ಹಾಲಿನ ಫ್ರಿಜ್‌ಗಳ ಕಡೆ ಹೋದ. ನಾನು ಕೈಗೆ ಸಿಕ್ಕಷ್ಟು ಹಾಗಲಕಾಯಿ ಚೀಲಕ್ಕೆ ತುಂಬಿಕೊಂಡು, ಬೇಕಾದ ಉಳಿದ ಸಾಮಾನು ಬಿಟ್ಟು, ದುಡ್ಡು ಕೊಟ್ಟು ಹೊರಗೆ ಬಂದು ಕಾರಿನಲ್ಲಿ ಕೂತೆ. ಕೀಲಿ ತಿರುಗಿಸಲು ಸ್ವಲ್ಪ ಹೊತ್ತು ಬೇಕಾಯಿತು.